ಲಾಭದ ಹೊಣೆ



ಧನಿಕ ವರ್ತಕರು ಛತ್ರಗಳನ್ನೂ ಕೆರೆಬಾವಿಗಳನ್ನೂ ಕಟ್ಟಿಸುತ್ತಿದ್ದುದು ಈ ನಾಡಿಗೆ ಹೊಸದಲ್ಲ. ಆದರೆ ಅದು ಧನಿಯ ಮನಸ್ಸಿಗೆ ಸೇರಿದ ಮಾತಾಗಿತ್ತು, ಕೊಡದವನನ್ನು ಕೇಳುವವರಿರಲಿಲ್ಲ. 2013ನೆಯ ಇಸವಿಯ ಕಂಪನಿ ಕಾಯಿದೆಯ 135ನೆಯ ಕಲಮು ಈ ಔದಾರ್ಯವನ್ನು ಕರ್ತವ್ಯವನ್ನಾಗಿ ಮಾರ್ಪಡಿಸಿತು. ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭವುಳ್ಳ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಲೋಕಹಿತಕ್ಕಾಗಿ ವ್ಯಯಿಸತಕ್ಕದ್ದೆಂದು ಅದು ವಿಧಿಸಿತು. ಸ್ವಂತ ನೌಕರರಿಗೆ ಮಾತ್ರ ಮಾಡಿದ ಉಪಕಾರವು ಈ ಲೆಕ್ಕಕ್ಕೆ ಬಾರದು. ಮೊದಮೊದಲು, ವೆಚ್ಚಮಾಡದವರು ಕಾರಣವನ್ನು ಬರೆದೊಪ್ಪಿಸಿದರೆ ಸಾಕಿತ್ತು. 2021ರಿಂದೀಚೆಗೆ, ಉಳಿದ ಹಣವನ್ನು ಗೊತ್ತುಪಡಿಸಿದ ನಿಧಿಗೋ ಖಾತೆಗೋ ಸಲ್ಲಿಸದವರಿಗೆ ದಂಡವುಂಟು.

ಇಷ್ಟರಿಂದಲೇ ತೃಪ್ತಿಪಡಬಹುದೇ? 2ರ ವಿನಿಯೋಗವನ್ನು ವಿಚಾರಿಸುವ ಆ ಕಲಮು, ನೂರನ್ನು ಗಳಿಸಿದ ಬಗೆಯನ್ನು ಕೇಳುವುದಿಲ್ಲ. 1984ರ ಡಿಸೆಂಬರಿನ ಒಂದು ರಾತ್ರಿ ಭೋಪಾಳದ ಕೀಟನಾಶಕ ಕಾರ್ಖಾನೆಯಿಂದ ಹೊರಬಿದ್ದ ವಿಷಾನಿಲವು ನಿದ್ರಿಸುತ್ತಿದ್ದ ನಗರದ ಸಹಸ್ರಾರು ಜನರ ಪ್ರಾಣವನ್ನು ತೆಗೆಯಿತು. ಅಂತಹ ಗಳಿಕೆಯಲ್ಲಿ ಎಷ್ಟು ಪಾಲನ್ನು ದಾನಮಾಡಿದರೆ ಆ ನಷ್ಟವು ತುಂಬೀತು? ಕಾಯಕವು ಶುದ್ಧವಾಗದೆ ದಾಸೋಹಕ್ಕೆ ನೆಲೆಯಿಲ್ಲವೆಂಬುದನ್ನು ಈ ಮಠದ ಭಕ್ತರಿಗೆ ಬೇರೆ ಹೇಳಬೇಕಾದುದಿಲ್ಲ.

ಈಗ ಗಳಿಕೆಯ ಕಡೆಗೂ ಪ್ರಶ್ನೆಯು ತಿರುಗಿದೆ. ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿ ಸಂಸ್ಥೆಯು 2022-23ನೆಯ ಸಾಲಿನಿಂದ, ಪೇಟೆಯ ಪಟ್ಟಿಯಲ್ಲಿರುವ ಅತಿ ದೊಡ್ಡ 1000 ಕಂಪನಿಗಳಿಂದ ನೀರಿನ ಬಳಕೆ, ಕೆಲಸದಲ್ಲಾದ ಅಪಘಾತ, ಸ್ತ್ರೀಪುರುಷರ ಸಂಬಳ ಮುಂತಾದವುಗಳ ವಿವರವನ್ನು ಕಡ್ಡಾಯವಾಗಿ ಪಡೆಯುತ್ತಿದೆ. ಉತ್ತರವನ್ನು ಬರೆಯುವವರು ಆ ಕಂಪನಿಗಳವರೇ ಎಂಬುದನ್ನು ಮಾತ್ರ ಓದುವವರು ಮರೆಯಲಾಗದು.