ಮಾಯದಲ್ಲಿ ಇರುವವರಿಗೂ ಒಂದು ಅಧ್ಯಾಯ



ಯಾವುದು ನಿಜವಾಗಿ ಇದೆ, ಇರುವುದರಲ್ಲಿ ಎಷ್ಟು ಬಗೆ ಎಂದು ಕೇಳುವ ಶಾಸ್ತ್ರದ ಚರಿತ್ರೆ ಬರೆಯುವವರು ಹೆಚ್ಚಾಗಿ ಗ್ರೀಸಿನಿಂದ ಹೊರಡುತ್ತಾರೆ. ಭಾರತಕ್ಕೆ ಬಂದರೂ ಶಂಕರರ ಬಳಿ ನಿಂತುಬಿಡುವುದುಂಟು. ಮೈಸೂರಿನ ಎಂ. ಹಿರಿಯಣ್ಣನವರು ಭಾರತೀಯ ತತ್ತ್ವಶಾಸ್ತ್ರದ ಬಗ್ಗೆ 1932ರಲ್ಲಿ ಇಂಗ್ಲಿಷಿನಲ್ಲಿ ಹೊರತಂದ ಘನ ಗ್ರಂಥದಲ್ಲಿ ಅದ್ವೈತ, ವಿಶಿಷ್ಟಾದ್ವೈತಗಳಿಗೆ ಅಧ್ಯಾಯಗಳಿವೆ; ನಮ್ಮ ತುಳುನಾಡಿನ ಪಾಜಕದಲ್ಲಿ ಹುಟ್ಟಿದ ಮಧ್ವರ ದ್ವೈತಕ್ಕಿಲ್ಲ. 1949ರ ಇನ್ನೊಂದು ಪುಸ್ತಕದಲ್ಲಿ ಅವರು ಅದನ್ನು ಸೇರಿಸಿದರು. ಆ ಸೇರ್ಪಡೆಯನ್ನು ನಾನು ಗೌರವದಿಂದ ನೆನೆಯುತ್ತೇನೆ.

ಮಧ್ವರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎಣಿಸಿದರು. ಧವಲಾ ಗ್ರಂಥದ ತಾಳೆಗರಿಗಳನ್ನು ಮೂಡುಬಿದಿರೆಯಲ್ಲಿ ಕಾಪಾಡಿದ ಜೈನರು ಆರು ದ್ರವ್ಯಗಳನ್ನು ಹೇಳಿದರು. ಇವರಿಗೆ ಗ್ರಂಥವಿದೆ, ಟೀಕೆಯಿದೆ; ಇಂದಲ್ಲ ನಾಳೆ ಪುಟ ಸಿಗುತ್ತದೆ. ಬಾಯಿಂದ ಬಾಯಿಗೆ ಬಂದ ತುಳು ಕಥನಗೀತೆ ಪಾಡ್ದನದ ಗತಿಯೇನು?

ಕಲ್ಕುಡ-ಕಲ್ಲುರ್ಟಿ ಎಂಬ ದೈವಗಳ ಪಾಡ್ದನವನ್ನೇ ನೋಡಿ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಕಲ್ಕುಡನ ಕೈಕಾಲನ್ನು ಅರಸ ಕಡಿಸುತ್ತಾನೆ. ಕೊನೆಗೆ ಅವನೂ ತಂಗಿ ಕಲ್ಲುರ್ಟಿಯೂ ಮಾಯವಾಗುತ್ತಾರೆ. ಕಣ್ಣಿಗೆ ಕಾಣರು, ಆದರೆ ಅರಸನನ್ನು ಕಾಡುತ್ತಾರೆ, ಊರೂರು ನಡೆದು ಸ್ಥಾನ ಕೇಳುತ್ತಾರೆ. ದೈವಾರಾಧನೆಯ ಕೋಲದ ರಾತ್ರಿ ಮುಖಕ್ಕೆ ಅರದಾಳ ಬಳಿದು, ಕಾಲಿಗೆ ಗಗ್ಗರ ಕಟ್ಟಿದವರ ಮೈಯಲ್ಲಿ ಜೋಗಕ್ಕೆ, ಅಂದರೆ ಆವೇಶವಾಗಿ ಕಾಣುವ ನೆಲೆಗೆ ಬಂದು, ಊರಿನ ದೊಡ್ಡ ಮನೆಯಾದ ಗುತ್ತಿನ ಯಜಮಾನನನ್ನೇ ಎದುರು ನಿಲ್ಲಿಸಿ ನುಡಿ ಕೊಡುತ್ತಾರೆ. ಮಾಯ, ಜೋಗ ಎರಡೂ ಇರುವಿಕೆಯ ನೆಲೆಗಳೇ. ಒಂದು ದಿಟ, ಇನ್ನೊಂದು ಭ್ರಮೆ ಎಂಬ ಲೆಕ್ಕ ಅಲ್ಲಿಲ್ಲ. ಈ ಮಾಯವನ್ನು ಅದ್ವೈತದ ಮಾಯೆಯೆಂದು ಓದಿದರೆ ಕೆಡುತ್ತದೆ. ಇರುವವರನ್ನು ಮೇಲು-ಕೆಳಗಾಗಿ ಜೋಡಿಸುವ ಮಧ್ವರ ತಾರತಮ್ಯದಲ್ಲಿ ದೈವಗಳಿಗೆ ಕೆಳಗೆಲ್ಲೋ ಒಂದು ಮೆಟ್ಟಿಲು ಕೊಟ್ಟರೂ ಕೆಡುತ್ತದೆ.

ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲೇ ಮಂಗಳೂರಿನಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿಸಿದರು. ಬ್ರಿಟಿಷ್ ಅಧಿಕಾರಿ ಬರ್ನೆಲ್ ಅವರ ಸಂಗ್ರಹ 1894ರಿಂದ ಪತ್ರಿಕೆಯೊಂದರಲ್ಲಿ ಬಂದದ್ದು ತುಳುವರ ಪಿಶಾಚಾರಾಧನೆ ಎಂಬ ತಲೆಬರಹದಲ್ಲಿ. ಆ ಹೆಸರನ್ನು ನಾವು ಬಿಟ್ಟೆವು, ಸರಿ. ಆದರೆ ಪಾಡ್ದನವನ್ನು ಜಾನಪದವೆಂಬ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದೆವು. ಅದರಲ್ಲಿ ವಿಚಾರವೂ ಇದೆಯೆಂದು ಒಪ್ಪಲು ನಮಗೇಕೆ ಇಷ್ಟು ಸಂಕೋಚ?

ತತ್ತ್ವಶಾಸ್ತ್ರದ ಚರಿತ್ರೆ ಬರೆಯುವಾಗ ಸಮತೋಲನವೆಂದರೆ ಎಲ್ಲರಿಗೂ ಹತ್ತತ್ತು ಪುಟ ಹಂಚುವುದಲ್ಲ. ಒಂದು ಪರಂಪರೆಯನ್ನು ಅದರದೇ ಪ್ರಶ್ನೆಯಿಂದ ಓದಬೇಕು, ಅದನ್ನು ಹೊತ್ತವರ ಬಾಯಿಂದ ಕೇಳಬೇಕು. ಕೋಲ ಕಟ್ಟುವ ನಲಿಕೆ, ಪರವ, ಪಂಬದ ಸಮುದಾಯಗಳ ಹಿರಿಯರು ನಮ್ಮ ನಡುವೆಯೇ ಇದ್ದಾರೆ. ತತ್ತ್ವಶಾಸ್ತ್ರ ಕಲಿಸುವ ಮೇಷ್ಟ್ರುಗಳೇ, ಮುಂದಿನ ಪಠ್ಯ ಬರೆಯುವ ಮೊದಲು ದಯವಿಟ್ಟು ಅವರ ಮನೆಗೆ ಹೋಗಿ, ಮಾಹಿತಿ ಕೊಟ್ಟವರೆಂದಲ್ಲ, ವಿಚಾರ ಹೇಳಿದವರೆಂದೇ ಅವರ ಹೆಸರು ಹಾಕಿ.