ಗ್ರಂಥಾಲಯದ ಕಂಪ್ಯೂಟರು ಮತ್ತು ನಮ್ಮ ಸರದಿ

(ಗ್ರಂಥಾಲಯ ಬಳಕೆದಾರರ ಸಭೆಯಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ನಮ್ಮ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ನಾಲ್ಕು ಕಂಪ್ಯೂಟರುಗಳಿವೆ. ಅವುಗಳ ಮೇಲಿನ ಗೋಡೆಗೆ ಹನ್ನೊಂದು ನಿಯಮಗಳ ಒಂದು ಹಲಗೆ ತೂಗುಹಾಕಿದೆ. ಆ ಹಲಗೆಯನ್ನು ಓದಿ ಹಿಂದಿರುಗಿ ಹೋದವರು ನಮ್ಮಲ್ಲಿ ಬಹಳ ಮಂದಿ. ಕಂಪ್ಯೂಟರಿನ ಮುಂದೆ ಕುಳಿತವರು ಕೆಲವೇ ಮಂದಿ. ಆದ್ದರಿಂದ ಇಂದು ಆ ಹಲಗೆಯ ವಿಚಾರವಾಗಿಯೇ ನಾಲ್ಕು ಮಾತು ಆಡುತ್ತೇವೆ.

ಮೊದಲನೆಯದಾಗಿ, ಈ ಕಂಪ್ಯೂಟರುಗಳು ಯಾರ ಸ್ವತ್ತು? ಯಾರೋ ದೊಡ್ಡ ಮನಸ್ಸು ಮಾಡಿ ನಮಗೆ ಧರ್ಮಕ್ಕೆ ಕೊಟ್ಟದ್ದಲ್ಲ. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲದಲ್ಲಿ, 1965ರಲ್ಲಿ, ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಆಯಿತು. 1966ರ ನವೆಂಬರ್ 1ರಿಂದ ಅದು ಜಾರಿಗೆ ಬಂತು. ಆ ಕಾಯ್ದೆಯ ಪ್ರಕಾರ ಮನೆ, ಅಂಗಡಿಗಳ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ವಸೂಲು ಮಾಡುತ್ತಾರೆ. ಇಂದು ಅದು ನೂರು ರೂಪಾಯಿ ತೆರಿಗೆಗೆ 6 ರೂಪಾಯಿ. ಅಂಗಡಿಯವರು ಅದನ್ನು ನೇರವಾಗಿ ಕಟ್ಟುತ್ತಾರೆ. ವಠಾರದಲ್ಲಿ ಬಾಡಿಗೆಗಿರುವ ಕಾರ್ಮಿಕ ಅದನ್ನು ಬಾಡಿಗೆಯೊಳಗೆ ಸೇರಿಸಿ, ರಶೀದಿ ಇಲ್ಲದೆ ಕಟ್ಟುತ್ತಾನೆ. ಕರ ಕೊಟ್ಟವನು ಬಾಗಿಲ ಹೊರಗೆ ನಿಲ್ಲತಕ್ಕವನಲ್ಲ.

ಈಗ ನಡೆದ ಒಂದು ಸಂಗತಿ ಹೇಳುತ್ತೇವೆ. ನಮ್ಮ ನೂಲುವ ವಿಭಾಗದ ಹಿರಿಯರೊಬ್ಬರು ಮಗಳ ಮದುವೆಗೆಂದು ಭವಿಷ್ಯ ನಿಧಿಯ ಹಣಕ್ಕೆ ಅರ್ಜಿ ಹಾಕಬೇಕಾಗಿತ್ತು. ಆ ಅರ್ಜಿಯನ್ನು ಈಗ ಕಂಪ್ಯೂಟರಿನ ಮೂಲಕ ಹಾಕಬಹುದು. ಮೊದಲ ಪಾಳಿ ಮುಗಿಸಿ, ಬಟ್ಟೆಯ ಹತ್ತಿ ಕೊಡವಿಕೊಂಡು ಗ್ರಂಥಾಲಯಕ್ಕೆ ಹೋದರು. ಕಂಪ್ಯೂಟರು ಖಾಲಿ ಇತ್ತು. ಆದರೆ ಹೊಸಬರ ನೋಂದಣಿ ಮಧ್ಯಾಹ್ನದವರೆಗೆ ಮಾತ್ರ, ಅದಕ್ಕೂ ಅಧಿಕಾರಿಯೊಬ್ಬರ ಸಹಿ ಬೇಕು ಎಂದು ಹಲಗೆ ತೋರಿಸಿದರು. ಇವರು ಪೇಟೆಯ ಒಂದು ಅಂಗಡಿಗೆ ಹೋಗಿ ಮುನ್ನೂರು ರೂಪಾಯಿ ಕೊಟ್ಟು ಅರ್ಜಿ ಹಾಕಿಸಿದರು. ಅಂಗಡಿಯ ಹುಡುಗ ಇವರ ಖಾತೆಯ ಸಂಖ್ಯೆಯನ್ನೂ ಪಾಸ್‌ವರ್ಡನ್ನೂ ತನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡ. ಹುಡುಗ ಕೆಟ್ಟವನೆಂದು ನಾವು ಹೇಳುವುದಿಲ್ಲ. ಆದರೆ ಮೂವತ್ತು ವರ್ಷದ ದುಡಿಮೆಯ ಬೀಗದ ಕೈ ಇಂದಿಗೂ ಆ ನೋಟುಬುಕ್ಕಿನಲ್ಲಿದೆ. ಇದು ಯಾವ ನಿಯಮದ ಫಲ?

ಹಾಗೆಂದು ನಿಯಮಗಳೇ ಬೇಡವೆಂದು ನಾವು ಹೇಳುವವರಲ್ಲ. ಬಾವಿ ಒಂದು, ಕೊಡ ಹಲವು ಇದ್ದಲ್ಲಿ ಸರದಿ ಇರಲೇಬೇಕು. ನಿಯಮಗಳಲ್ಲಿ ಎರಡು ಜಾತಿ. ಇದ್ದುದನ್ನು ಎಲ್ಲರಿಗೂ ಹಂಚುವ, ಬಂದವನನ್ನು ಕಾಯುವ ನಿಯಮ ಒಂದು. ಬಂದವನನ್ನು ಹಿಂದಕ್ಕೆ ಕಳಿಸುವ ನಿಯಮ ಇನ್ನೊಂದು. ಮೊದಲನೆಯದನ್ನು ನಾವೇ ಮುಂದೆ ನಿಂತು ಪಾಲಿಸಬೇಕು. ಎರಡನೆಯದನ್ನು ಬದಲಾಯಿಸಲು ಕೇಳಬೇಕು.

ಹಂಚುವ ನಿಯಮವನ್ನು ನೋಡೋಣ. ಒಬ್ಬರಿಗೆ ಒಂದು ಸಲಕ್ಕೆ ಅರ್ಧ ಗಂಟೆ; ಕಾದವರಿಲ್ಲದಿದ್ದರೆ ಇನ್ನೂ ಅರ್ಧ ಗಂಟೆ. ಇದು ನ್ಯಾಯ. ಇದನ್ನು ಮುರಿಯುವವರು ನಮ್ಮಲ್ಲಿಯೇ ಇದ್ದಾರೆ. ಸಿನಿಮಾ ನೋಡುತ್ತ ಎರಡು ಗಂಟೆ ಕುಳಿತು, ಕೆಲಸದ ಅರ್ಜಿ ಹಾಕಲು ಬಂದ ಹೆಣ್ಣುಮಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದು ಯಾವ ಅಧಿಕಾರಿಯೂ ಅಲ್ಲ, ನಮ್ಮ ಓಣಿಯ ಹುಡುಗನೇ. ಮಕ್ಕಳು ಕೂರುವ ಜಾಗದಲ್ಲಿ ಅಸಭ್ಯ ಚಿತ್ರ ತೆರೆಯಬಾರದು, ಪೆನ್ ಡ್ರೈವನ್ನು ವೈರಸ್ ಪರೀಕ್ಷೆ ಮಾಡದೆ ಚುಚ್ಚಬಾರದು ಎಂಬ ನಿಯಮಗಳೂ ಸರಿಯಾದವೇ. ಒಬ್ಬರ ಪೆನ್ ಡ್ರೈವಿನ ರೋಗ ನಾಲ್ಕೂ ಯಂತ್ರಗಳಿಗೆ ಹತ್ತಿದರೆ ವಾರಗಟ್ಟಲೆ ಎಲ್ಲರಿಗೂ ರಜೆ.

ಇನ್ನು ಕಾಯುವ ನಿಯಮ. ಹಲಗೆಯ ಮೇಲೆ ಇದು ಒಂದೇ ಸಾಲಿನಲ್ಲಿದೆ. ನಾವು ಬಿಡಿಸಿ ಹೇಳಬೇಕು. ಹತ್ತು ಜನ ಬಳಸುವ ಯಂತ್ರದಲ್ಲಿ ನಿಮ್ಮ ಗುರುತು ಉಳಿಯಬಾರದು. ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇ ಎಂದು ಯಂತ್ರ ಕೇಳಿದರೆ ಬೇಡವೆನ್ನಿ. ಕೆಲಸ ಮುಗಿದ ಮೇಲೆ ಕಿಟಕಿ ಮುಚ್ಚಿದರೆ ಸಾಲದು, ಖಾತೆಯಿಂದ ಲಾಗೌಟ್ ಆಗಿಯೇ ಏಳಬೇಕು. ಇನ್‌ಕಾಗ್ನಿಟೊ ಎಂಬ ಖಾಸಗಿ ಕಿಟಕಿ ಇದೆ. ಅದರಲ್ಲಿ ಕೆಲಸ ಮಾಡಿ ಮುಚ್ಚಿದರೆ ನೀವು ನೋಡಿದ ಪುಟಗಳ ಪಟ್ಟಿ ಆ ಯಂತ್ರದಲ್ಲಿ ನಿಲ್ಲುವುದಿಲ್ಲ. ಆದರೆ ಇಳಿಸಿಕೊಂಡ ಕಾಗದ ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಇಳಿಸಿಕೊಂಡ ಆಧಾರ್ ಪ್ರತಿಯನ್ನು ಅಳಿಸಿ, ಕಸದ ಬುಟ್ಟಿಯ ಗುರುತಿನೊಳಗಿಂದಲೂ ಅಳಿಸಬೇಕು. ಸಾಧ್ಯವಾದಲ್ಲಿ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಆಧಾರ್ ಪ್ರತಿಯನ್ನೇ ಇಳಿಸಿಕೊಳ್ಳಿ. ಫೋನಿಗೆ ಬಂದ ಓಟಿಪಿಯನ್ನು ಪಕ್ಕದಲ್ಲಿ ಕುಳಿತವರಿಗೆ ಕೇಳುವಂತೆ ಓದಬೇಡಿ. ಅಷ್ಟಾದರೂ ಹಣ ಹೋಯಿತೆನ್ನಿ, ನಾಚಿಕೆಪಟ್ಟು ಮನೆಯಲ್ಲಿ ಕೂರದೆ ಕೂಡಲೇ 1930ಕ್ಕೆ ಫೋನು ಮಾಡಿ. ತಡವಾದಷ್ಟೂ ಹಣ ಕೈಗೆ ಸಿಗುವ ಆಸೆ ಕಡಿಮೆ.

ಪೇಟೆಯ ಮಿತ್ರರಿಗೂ ಒಂದು ಮಾತು. ಸಣ್ಣ ಉದ್ಯಮದವರು ಮಾಡಿಸುವ ಉದ್ಯಮ್ ನೋಂದಣಿಗೆ ಸರ್ಕಾರ ಒಂದು ಕಾಸೂ ಕೇಳುವುದಿಲ್ಲ. 2020ರ ಜುಲೈಯಿಂದ ಅದು ನಡೆದಿದೆ. ಹಾಗಿದ್ದೂ ಇದಕ್ಕೆ ಸಾವಿರಗಟ್ಟಲೆ ತೆತ್ತವರು ಈ ಸಭೆಯಲ್ಲಿಯೇ ಇದ್ದಾರೆ. ಗ್ರಂಥಾಲಯದ ಅರ್ಧ ಗಂಟೆ ಅವರಿಗೆ ಸಿಕ್ಕಿದ್ದರೆ ಆ ಹಣ ಗಲ್ಲಾಪೆಟ್ಟಿಗೆಯಲ್ಲಿಯೇ ಉಳಿಯುತ್ತಿತ್ತು.

ಎಲ್ಲರ ಕೈಯಲ್ಲೂ ಮೊಬೈಲು ಇರುವಾಗ ಇದೆಲ್ಲ ಏತಕ್ಕೆ ಎಂದು ಕೆಲವರು ಕೇಳುತ್ತಾರೆ. ಒಡೆದ ಗಾಜಿನ ಸಣ್ಣ ಫೋನಿನಲ್ಲಿ ಆರು ಪುಟದ ಅರ್ಜಿ ತುಂಬಿ, ಐದು ಕಾಗದ ಲಗತ್ತಿಸಿ, ಮುದ್ರಿಸಿಕೊಳ್ಳಲು ಹೊರಟವನಿಗೆ ಉತ್ತರ ಗೊತ್ತು. ಮನೆಗೆ ಒಂದೇ ಫೋನಿದ್ದು, ಅದನ್ನು ಗಂಡ ಪಾಳಿಗೆ ಒಯ್ದರೆ, ಹೆಂಡತಿಗೂ ಓದುವ ಮಗಳಿಗೂ ಏನು ಉಳಿಯಿತು?

ಈಗ ಹಿಂದಕ್ಕೆ ಕಳಿಸುವ ನಿಯಮಗಳಿಗೆ ಬರೋಣ. ಅಧಿಕಾರಿಯ ಸಹಿ ಏಕೆ? ಸರ್ಕಾರವೇ ಕೊಟ್ಟ ಗುರುತಿನ ಚೀಟಿ ಸಾಲದೆ? ನೋಂದಣಿ ಮಧ್ಯಾಹ್ನಕ್ಕೆ ಏಕೆ ನಿಲ್ಲಬೇಕು? ಪಾಳಿಯಲ್ಲಿರುವವನಿಗೆ ಮಧ್ಯಾಹ್ನ ಎಂಬುದು ಗಿರಣಿಯೊಳಗಿನ ಹೊತ್ತು. ಹಲಗೆಯ ಅರ್ಧ ಇಂಗ್ಲಿಷಿನಲ್ಲಿ ಏಕಿದೆ? ಓದಲಾರದ ನಿಯಮವನ್ನು ಪಾಲಿಸುವುದು ಹೇಗೆ? ಎಲ್ಲಕ್ಕಿಂತ ಮುಖ್ಯ, ಯಾರು ಯಾವ ಪುಟ ನೋಡಿದರೆಂದು ದಾಖಲೆ ಪುಸ್ತಕದಲ್ಲಿ ಬರೆಸುವ ಅಂಕಣ ಏಕೆ? ಹೆಸರು, ಬಂದ ಹೊತ್ತು, ಹೋದ ಹೊತ್ತು ಬರೆಯಲಿ. ಸರದಿಗೆ ಅಷ್ಟು ಸಾಕು. ಸಂಘದ ಕಾನೂನು ಓದಿದೆನೋ, ಕಾಯಿಲೆಯ ವಿವರ ಹುಡುಕಿದೆನೋ ಅದು ಓದುಗನಿಗೆ ಸೇರಿದ ವಿಷಯ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರು 2017ರಲ್ಲಿ ಒಮ್ಮತದಿಂದ ಹೇಳಿದ್ದಾರೆ. ಕೇರಳದ ಒಂದು ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ ಸಂಜೆ ಮೊಬೈಲು ಬಳಸಬಾರದೆಂಬ ನಿಯಮವನ್ನು ಒಪ್ಪದ ಹುಡುಗಿಯನ್ನು ಹೊರಹಾಕಿದಾಗ, ಇಂಟರ್‌ನೆಟ್ ಬಳಸುವುದು ಶಿಕ್ಷಣದ ಹಕ್ಕಿನ ಭಾಗವೆಂದು ಅಲ್ಲಿನ ಹೈಕೋರ್ಟು 2019ರಲ್ಲಿ ತೀರ್ಪಿತ್ತು, ಆಕೆಯನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ನಿಯಮವೆಂದ ಮಾತ್ರಕ್ಕೆ ಅದು ಪ್ರಶ್ನೆಗೆ ಅತೀತವಲ್ಲ.

ಗ್ರಂಥಾಲಯ ಶಾಸ್ತ್ರಕ್ಕೆ 1931ರಲ್ಲಿಯೇ ಐದು ಸೂತ್ರಗಳನ್ನು ಹಾಕಿಕೊಟ್ಟ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲಿಯೇ ಕಳೆದು 1972ರಲ್ಲಿ ತೀರಿಕೊಂಡರು. ಗ್ರಂಥಾಲಯದಲ್ಲಿರುವುದು ಬಳಕೆಗಾಗಿ ಇರತಕ್ಕದ್ದು, ಕಾಪಾಡಿ ಮುಚ್ಚಿಡುವುದಕ್ಕಲ್ಲ ಎಂಬುದು ಅವರ ಬೋಧನೆಯ ತಳಹದಿ. ಹಿಂದೆ ಯುರೋಪಿನ ಗ್ರಂಥಾಲಯಗಳಲ್ಲಿ ಕಳವಿಗೆ ಹೆದರಿ ಪುಸ್ತಕಗಳನ್ನು ಸರಪಳಿಯಿಂದ ಮೇಜಿಗೆ ಕಟ್ಟುತ್ತಿದ್ದರು. ಸರಪಳಿ ಹೋಯಿತು. ಅದರ ಜಾಗದಲ್ಲಿ ಸಹಿ, ಮುದ್ರೆ, ಸಮಯದ ನೆಪ ಬರಬಾರದು.

ಗ್ರಂಥಪಾಲಕರು ನಮ್ಮ ವೈರಿಗಳಲ್ಲ. ಪತ್ರಿಕೆ, ಪುಸ್ತಕ, ಕಂಪ್ಯೂಟರು ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುತ್ತಿರುವ ದುಡಿಮೆಗಾರರು ಅವರೂ. ಸಂಜೆ ಹೊತ್ತು ತೆರೆಯಬೇಕಾದರೆ ಇನ್ನೊಬ್ಬರನ್ನು ನೇಮಿಸಿ ಸಂಬಳ ಕೊಡಬೇಕು. ಅವರನ್ನೇ ಎರಡು ಪಾಳಿ ದುಡಿಸಿ ಎಂದು ಗಿರಣಿಯವರಾದ ನಾವು ಕೇಳುವಂತಿಲ್ಲ.

ಆದ್ದರಿಂದ ಗ್ರಂಥಾಲಯ ಪ್ರಾಧಿಕಾರಕ್ಕೆ ಕೊಡುವ ಮನವಿಯಲ್ಲಿ ನಾಲ್ಕು ಬೇಡಿಕೆ ಇಟ್ಟಿದ್ದೇವೆ: ಯಾವುದಾದರೂ ಒಂದು ಗುರುತಿನ ಚೀಟಿಗೆ ಅಲ್ಲಿಯೇ ನೋಂದಣಿ; ಹೊಸ ನೇಮಕದೊಡನೆ ಸಂಜೆಯ ಹೊತ್ತು; ಕನ್ನಡದ ಹಲಗೆ; ನೋಡಿದ ಪುಟದ ಅಂಕಣ ರದ್ದು. ಇದರ ಜೊತೆಗೆ ನಮ್ಮ ಕಡೆಯಿಂದ ಒಂದು ವಚನವನ್ನೂ ಬರೆದಿದ್ದೇವೆ: ನಮ್ಮ ಸಂಘದ ಕಂಪ್ಯೂಟರು ಬಲ್ಲ ಹುಡುಗರು ಪ್ರತಿ ಭಾನುವಾರ ಬಂದು ಹಿರಿಯರಿಗೆ ಕಲಿಸುತ್ತಾರೆ, ಅರ್ಜಿ ತುಂಬುವುದನ್ನು ತೋರಿಸುತ್ತಾರೆ, ಪಾಸ್‌ವರ್ಡ್ ಮಾತ್ರ ಕೇಳುವುದಿಲ್ಲ.

ಮನವಿಯ ಹಾಳೆ ಬಾಗಿಲ ಬಳಿಯ ಮೇಜಿನ ಮೇಲಿದೆ. ಮೊದಲ ಸಹಿ ಆ ನೂಲುವ ವಿಭಾಗದ ಹಿರಿಯರದು. ಅವರು ಹೊಸ ಪಾಸ್‌ವರ್ಡ್ ಹಾಕಿಕೊಳ್ಳಲು ಬರುವ ಭಾನುವಾರ ಗ್ರಂಥಾಲಯಕ್ಕೆ ಬರುತ್ತಾರೆ. ನಾವೂ ಹೋಗೋಣ, ಸರದಿಯಲ್ಲಿ ನಿಲ್ಲೋಣ.