ಎರಡು ಕಡೆ ಒಂದೇ ಲೆಕ್ಕ
(ಸಂಘದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಮ್ಮ ಸಂಘ ಇಪ್ಪತ್ತೈದು ವರ್ಷ ತುಂಬಿಸಿದ ಈ ಸಂತೋಷದ ಹೊತ್ತಿನಲ್ಲಿ ಹಾಲು, ಹುಲ್ಲು, ಹಸುವಿನ ಬಗ್ಗೆ ಮಾತಾಡುವವರು ಬಹಳ ಜನ ಇದ್ದಾರೆ. ನಮಗೆ ಕಂಪ್ಯೂಟರಿನ ವಿಷಯ ಹೇಳಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಆದರೂ ಸಂಘದ ಲೆಕ್ಕವನ್ನು ಎರಡನೇ ಯಂತ್ರಕ್ಕೆ ನಕಲು ಮಾಡುವ ಕೆಲಸ ಶುರುವಾದಾಗ ಮೊದಲಿಂದ ಕೊನೇ ತನಕ ಪಕ್ಕದಲ್ಲಿ ಕೂತು ನೋಡಿದವರು ನಾವು. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇವೆ.

2021ರ ಏಪ್ರಿಲ್ ತಿಂಗಳ ಮಳೆ ನಿಮಗೆಲ್ಲ ನೆನಪಿದೆ. ಸಂಜೆ ಹಾಲು ಹಾಕಿ ಎಲ್ಲರೂ ಮನೆಗೆ ಹೋದ ಮೇಲೆ ಸಿಡಿಲು ಬಡಿಯಿತು. ಯು.ಪಿ.ಎಸ್. ಕೂಡ ಹೋಯಿತು, ಕಂಪ್ಯೂಟರೂ ಹೋಯಿತು. ಪೆನ್ ಡ್ರೈವಿನಲ್ಲಿ ನಕಲು ಇದೆಯಲ್ಲ ಎಂದು ಧೈರ್ಯವಾಗಿದ್ದೆವು. ತೆರೆದು ನೋಡಿದರೆ ಅದು ಹನ್ನೊಂದು ದಿನ ಹಳೆಯದು. ಬಟವಾಡೆ ಹತ್ತಿರ ಬಂದಿತ್ತು. ಕಾರ್ಡು ತನ್ನಿ ಎಂದು ಊರಲ್ಲಿ ಸಾರಿಸಿದೆವು. ಕೆಲವರ ಕಾರ್ಡು ಇತ್ತು, ಕೆಲವರದ್ದು ನೆನೆದು ಅಕ್ಷರ ಅಳಿಸಿತ್ತು, ಕೆಲವರು ಬರೆಸಿಯೇ ಇರಲಿಲ್ಲ. ಒಬ್ಬ ವಯಸ್ಸಾದ ತಾಯಿ ಬಾಗಿಲಲ್ಲಿ ನಿಂತು, "ಮಗಾ, ಸಿಡಿಲು ಬಡಿದಿದ್ದು ಕಂಪ್ಯೂಟರಿಗಲ್ವಾ? ನಾನು ಹಾಕಿದ ಹಾಲಿಗೂ ಬಡೀತಾ?" ಎಂದು ಕೇಳಿದರು. ನಮಗೆ ಉತ್ತರ ಬರಲಿಲ್ಲ. ಹಿಂದಿನ ವಾರದ ಸರಾಸರಿ ನೋಡಿ, ಅಕ್ಕಪಕ್ಕದವರ ಮಾತು ಕೇಳಿ, ಹೇಗೋ ಬಟವಾಡೆ ಮಾಡಿದೆವು. ಯಾರಿಗೆ ಎಷ್ಟು ಕಡಿಮೆ ಹೋಯಿತೋ ದೇವರಿಗೇ ಗೊತ್ತು. ಆ ದಿನವೇ ಮಂಡಳಿಯಲ್ಲಿ ತೀರ್ಮಾನವಾಯಿತು: ಲೆಕ್ಕ ಇನ್ನು ಮುಂದೆ ಎರಡು ಕಡೆ ಇರಬೇಕು, ಎರಡನೆಯದು ಬೇರೆ ಊರಲ್ಲಿ ಇರಬೇಕು.

ನಮ್ಮ ಸದಸ್ಯರೊಬ್ಬರ ಮಗ ಪೇಟೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಅವರೇ ಮುಂದೆ ನಿಂತರು. ನಮ್ಮ ಡೈರಿಯ ಯಂತ್ರ ಮೂಲ, ಪೇಟೆಯಲ್ಲಿ ಬಾಡಿಗೆಗೆ ಹಿಡಿದ ಯಂತ್ರ ಗುರಿ ಎಂದು ಅವರು ಹೇಳಿದರು. ನಾವು ನಮ್ಮ ಭಾಷೆಯಲ್ಲಿ ಕೊಡೋ ಮನೆ, ತಗೊಳ್ಳೋ ಮನೆ ಎಂದು ಇಟ್ಟುಕೊಂಡೆವು. ಲೆಕ್ಕ ಇಡಲು ಬಳಸಿದ್ದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್. ಅದಕ್ಕೆ ಲೈಸೆನ್ಸ್ ಹಣ ಕೊಡಬೇಕಾಗಿಲ್ಲ. 2017ರಲ್ಲಿ ಬಂದ ಅದರ 10ನೇ ಆವೃತ್ತಿಯಿಂದ, ಬೇಕಾದ ಪುಸ್ತಕಗಳನ್ನು ಮಾತ್ರ ಆರಿಸಿ ಇನ್ನೊಂದು ಯಂತ್ರಕ್ಕೆ ಕಳಿಸುತ್ತಾ ಇರುವ ಸೌಲಭ್ಯ ಅದರೊಳಗೇ ಇದೆ. ಕೊಡೋ ಮನೆಯಲ್ಲಿ ಯಾವ ಯಾವ ಪುಸ್ತಕ ಕೊಡುತ್ತೇವೆ ಎಂದು ಪ್ರಕಟಿಸಬೇಕು, ಅದು ಪಬ್ಲಿಕೇಶನ್. ತಗೊಳ್ಳೋ ಮನೆಯಲ್ಲಿ ಚಂದಾದಾರರಾಗಬೇಕು, ಅದು ಸಬ್‌ಸ್ಕ್ರಿಪ್ಷನ್. ಪತ್ರಿಕೆ ತರಿಸುವ ಹಾಗೆಯೇ.

ಶುರು ಮಾಡುವ ಮೊದಲು ಮೂರು ಕೆಲಸ ಆಗಬೇಕು.

ಮೊದಲನೆಯದು, ತಗೊಳ್ಳೋ ಮನೆಯಲ್ಲಿ ಖಾಲಿ ಪುಸ್ತಕಗಳನ್ನು ಗೆರೆ ಹಾಕಿ ಇಟ್ಟಿರಬೇಕು. ಈ ವ್ಯವಸ್ಥೆ ಬರವಣಿಗೆಯನ್ನು ಒಯ್ಯುತ್ತದೆ, ಪುಸ್ತಕದ ಗೆರೆಗಳನ್ನು ಒಯ್ಯುವುದಿಲ್ಲ. ಮುಂದೆ ಇಲ್ಲಿ ಒಂದು ಹೊಸ ಕಾಲಂ ಸೇರಿಸಿದರೆ ಅಲ್ಲೂ ನಾವೇ ಸೇರಿಸಬೇಕು.

ಎರಡನೆಯದು, ಪ್ರತಿ ಸಾಲಿಗೂ ತನ್ನದೇ ಗುರುತು ಇರಬೇಕು. ಹಾಲಿನ ಪುಸ್ತಕದಲ್ಲಿ ಸದಸ್ಯರ ನಂಬರ್ ಒಂದೇ ಸಾಲದು. ದಿನಕ್ಕೆ ಎರಡು ಸಲ ಅದೇ ನಂಬರ್ ಬರುತ್ತದೆ. ನಂಬರ್, ತಾರೀಖು, ಬೆಳಗ್ಗೆಯೋ ಸಂಜೆಯೋ ಎಂಬುದು, ಈ ಮೂರೂ ಸೇರಿದರೆ ಗುರುತು. ಗುರುತು ಇಲ್ಲದ ಪುಸ್ತಕದಲ್ಲಿ ಹೊಸ ಸಾಲು ಬರೆಯಬಹುದು, ಆದರೆ ಫ್ಯಾಟ್ ತಿದ್ದಲು ಹೋದರೆ ಮೂಲ ಯಂತ್ರವೇ ತಪ್ಪು ಎಂದು ತೋರಿಸಿ ನಿಲ್ಲಿಸುತ್ತದೆ. ಯಾವ ಸಾಲು ತಿದ್ದಬೇಕೆಂದು ಆಚೆಯವರಿಗೆ ಹೇಳುವುದು ಹೇಗೆ?

ಮೂರನೆಯದು, ಬರೆಯುವುದು ಒಂದೇ ಕಡೆ. ಇಲ್ಲಿ ಬರೆಯುತ್ತೇವೆ, ಅಲ್ಲಿ ಅದು ತಾನೇ ಮೂಡುತ್ತದೆ. ಅಲ್ಲಿಯೂ ಒಬ್ಬರು ಕೈ ಹಾಕಿದರೆ ಎರಡು ಲೆಕ್ಕ ಎರಡು ದಾರಿ ಹಿಡಿಯುತ್ತವೆ. ಆಮೇಲೆ ಯಾವುದು ನಿಜ ಎಂದು ಪಂಚಾಯ್ತಿ ಕೂರಿಸಬೇಕಾಗುತ್ತದೆ.

ಈಗ ನಕಲು ಶುರುವಾಗುವ ಬಗೆ ಕೇಳಿ. ಹಳೇ ಪುಸ್ತಕ ಪೂರಾ ನಕಲಾಗಲು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಹಾಲು ತರಬೇಡಿ ಅನ್ನೋಕ್ಕಾಗುತ್ತಾ? ಹತ್ತನೇ ಪುಟ ನಕಲಾಗುವಾಗ ಮೂರನೇ ಪುಟದಲ್ಲಿ ಯಾರೋ ತಿದ್ದುತ್ತಾರೆ. ಆ ತಿದ್ದುಪಡಿ ತಪ್ಪಿಹೋಗಬಾರದು. ಅದಕ್ಕೆ ಒಂದು ಉಪಾಯವಿದೆ. ಡೇಟಾಬೇಸಿಗೆ ತನ್ನದೇ ಒಂದು ದಿನವಹಿ ಇರುತ್ತದೆ, ಅದನ್ನು ಲಾಗ್ ಅನ್ನುತ್ತಾರೆ. ಆದ ಪ್ರತಿಯೊಂದು ಬದಲಾವಣೆಯೂ ಆದ ಕ್ರಮದಲ್ಲೇ ಅದರಲ್ಲಿ ಬೀಳುತ್ತದೆ. ನಕಲು ಶುರುವಾಗುವ ಕ್ಷಣಕ್ಕೆ ಆ ದಿನವಹಿಯಲ್ಲಿ ಒಂದು ಗೆರೆ ಬೀಳುತ್ತದೆ. ಗೆರೆಯ ತನಕದ ಲೆಕ್ಕ ಒಟ್ಟಿಗೆ ನಕಲಾಗುತ್ತದೆ. ಗೆರೆಯಿಂದ ಮುಂದಿನದು ದಿನವಹಿ ನೋಡಿಕೊಂಡು ಒಂದೊಂದಾಗಿ, ಕ್ರಮ ತಪ್ಪದೆ ಸೇರುತ್ತದೆ. ಹಿಂದೆ ನಮ್ಮ ಕಾರ್ಯದರ್ಶಿಗಳು ಹಳೇ ಲೆಡ್ಜರಿನಿಂದ ಹೊಸದಕ್ಕೆ ಬಾಕಿ ಎಳೆಯುತ್ತಿದ್ದದ್ದೂ ಹೀಗೇ ಅಲ್ಲವೇ?

ನಮ್ಮಲ್ಲಿ ಮೊದಲ ರಾತ್ರಿಯೇ ತೊಡಕಾಯಿತು. ಹಾಲಿನ ಪುಸ್ತಕ ಹೋಯಿತು, ಪಶು ಆಹಾರದ ಪುಸ್ತಕ ಹೋಯಿತು, ಸದಸ್ಯರ ಪುಸ್ತಕ ಮಾತ್ರ ಅಲ್ಲಿ ಖಾಲಿಯೇ ಇತ್ತು. ಹುಡುಕಿದರೆ ಕಾರಣ ಸಿಕ್ಕಿತು. ಗಂಡ ತೀರಿಹೋದ ಮೇಲೆ ಸದಸ್ಯತ್ವ ಹೆಂಡತಿಯ ಹೆಸರಿಗೆ ಬಂದಾಗ ನಮ್ಮಲ್ಲಿ ಅದೇ ನಂಬರಿಗೆ ಒಂದು ಅಕ್ಷರ ಸೇರಿಸುವ ರೂಢಿ. 57 ಇದ್ದದ್ದು 57ಎ ಆಗುತ್ತದೆ. ಅಂಥವರು ಮೂರು ಜನ ತಾಯಂದಿರು. ಅಲ್ಲಿ ಗೆರೆ ಹಾಕುವಾಗ ಆ ಕಾಲಂ ಅಂಕಿಗೆ ಮಾತ್ರ ಎಂದು ಬರೆದಿದ್ದರಿಂದ ಅಕ್ಷರ ಹಿಡಿಸಲಿಲ್ಲ. ಒಂದು ಸಾಲು ಕೂರದಿದ್ದರೆ ಆ ಪುಸ್ತಕದ ನಕಲು ಪೂರ್ತಿ ರದ್ದು.

ಆಗ ನಮ್ಮಲ್ಲೇ ಒಬ್ಬರು, "ಮೂರೇ ಜನ ತಾನೆ, ಸದ್ಯಕ್ಕೆ ಬಿಟ್ಟು ಮುಂದಕ್ಕೆ ಹೋಗೋಣ" ಅಂದರು. ಮುಚ್ಚುಮರೆ ಯಾಕೆ, ಹಾಗೆ ಅಂದದ್ದು ಈ ಮಾತಾಡುತ್ತಿರುವವರೇ. ಕಾರ್ಯದರ್ಶಿಗಳು ಒಪ್ಪಲಿಲ್ಲ. "ಹೊಸ ನಂಬರ್ ಕೊಟ್ಟರೆ ಅವರ ಯಜಮಾನರು ಹಾಕಿದ ಹಾಲಿನ ಲೆಕ್ಕಕ್ಕೂ ಇವರಿಗೂ ಇರುವ ಕೊಂಡಿ ಕಳಚುತ್ತದೆ. ಬಿಟ್ಟುಬಿಟ್ಟರೆ ಆ ಯಂತ್ರದ ಪಾಲಿಗೆ ಇವರು ಸದಸ್ಯರೇ ಅಲ್ಲ. ನಾಳೆ ಇಲ್ಲಿಯದು ಹೋಗಿ ಅಲ್ಲಿಯದೇ ಉಳಿದರೆ?" ಎಂದರು. ನಾವು ತಲೆ ತಗ್ಗಿಸಿದೆವು. ಅಲ್ಲಿಯ ಕಾಲಂ ತಿದ್ದಿದ್ದಕ್ಕೆ ಹಿಡಿದದ್ದು ಅರ್ಧ ಗಂಟೆ. ಆಮೇಲೆ ಎರಡೂ ಕಡೆ ಸದಸ್ಯರನ್ನು ಎಣಿಸಿದೆವು, ಲೀಟರು ಕೂಡಿದೆವು, ರೂಪಾಯಿ ಕೂಡಿದೆವು. ತಾಳೆ ಬಿದ್ದ ಮೇಲೆಯೇ ನಕಲು ಶುರುವಾಯಿತು ಎಂದು ನಡಾವಳಿಯಲ್ಲಿ ಬರೆದೆವು.

ಇನ್ನೊಂದು ಮಾತು. ಲೆಕ್ಕ ಬೇರೆ, ಕಾಗದಪತ್ರ ಬೇರೆ. ನಿಮ್ಮ ಫೋಟೋ, ಪಾಸ್‌ಬುಕ್ಕಿನ ನಕಲು, ನಾಮಿನಿ ಅರ್ಜಿ, ಮರಣ ಪ್ರಮಾಣಪತ್ರ ಇವೆಲ್ಲ ನಮ್ಮಲ್ಲಿ ಕಡತಗಳಾಗಿ ಬೇರೆ ಇವೆ. ಡೇಟಾಬೇಸಿನ ಗಾಡಿ ಇವನ್ನು ಹತ್ತಿಸಿಕೊಳ್ಳುವುದಿಲ್ಲ. ಇವಕ್ಕೆ ಇನ್ನೊಂದು ಗಾಡಿ ಹೂಡಬೇಕು. ಇದರಲ್ಲೂ ಒಂದು ಮೋಸವಿದೆ. ಹಲವು ಸೇವೆಗಳಲ್ಲಿ ನಕಲು ಶುರು ಮಾಡಿದ ದಿನದಿಂದ ಈಚೆಗೆ ಬಂದ ಕಡತಗಳು ಮಾತ್ರ ತಾವಾಗಿ ಹೋಗುತ್ತವೆ. ಮೊದಲೇ ಇದ್ದದ್ದನ್ನು ಬೇರೆಯಾಗಿ ಒಂದು ಸಲ ಕಳಿಸಲೇಬೇಕು. ಇದನ್ನು ಮರೆತರೆ ಹೊಸ ಸದಸ್ಯರ ಕಾಗದ ಅಲ್ಲಿರುತ್ತದೆ, ಸಂಘ ಕಟ್ಟಿದವರದ್ದು ಇರುವುದಿಲ್ಲ.

ಶುರುವಾದ ಮೇಲೂ ಕಣ್ಣಿಡಬೇಕು. ಇಂಟರ್‌ನೆಟ್ ಕಡಿದುಹೋದರೆ ಮೂಲ ಯಂತ್ರ, ಆಚೆಯವರು ತಗೊಂಡಿಲ್ಲ ಎಂದು ದಿನವಹಿಯನ್ನು ಕೂಡಿಹಾಕುತ್ತಾ ಹೋಗುತ್ತದೆ. ಲೈನು ಬಂದರೆ ಬಾಕಿಯೆಲ್ಲ ತಾನೇ ಹೋಗುತ್ತದೆ. ಬಹಳ ದಿನ ಬಾರದಿದ್ದರೆ ಡಿಸ್ಕು ತುಂಬಿ ಇಲ್ಲಿಯ ಕೆಲಸವೇ ನಿಲ್ಲುವ ಅಪಾಯ. ಅದಕ್ಕೆ ದಿನಾ ಬೆಳಗ್ಗೆ ಹಾಲು ಮುಗಿದ ಮೇಲೆ ಎರಡೂ ಕಡೆಯ ಕೊನೇ ಸಾಲು ಒಂದೇ ಇದೆಯಾ ಎಂದು ನೋಡುವ ಪದ್ಧತಿ ಇಟ್ಟಿದ್ದೇವೆ.

ಮುಖ್ಯವಾದದ್ದು, ಇಂಥ ನಕಲು ಇದ್ದರೆ ಬ್ಯಾಕಪ್ ಬೇಡ ಎಂದು ಯಾರೂ ತಿಳಿಯಬಾರದು. ಸಿಡಿಲು ಬಡಿದರೆ ಇದು ಕಾಯುತ್ತದೆ. ಆದರೆ ಇಲ್ಲಿ ಯಾರಾದರೂ ತಪ್ಪಿ ಒಂದು ತಿಂಗಳ ಲೆಕ್ಕ ಅಳಿಸಿದರೆ, ಆ ಅಳಿಸಿದ್ದೂ ನಿಯತ್ತಾಗಿ ಆಚೆಗೆ ಹೋಗಿ ಅಲ್ಲಿಯೂ ಅಳಿಸುತ್ತದೆ. ಆದ್ದರಿಂದ ರಾತ್ರಿಯ ಬ್ಯಾಕಪ್ ಬೇರೆಯೇ ನಡೆಯುತ್ತದೆ. ಅದು ತೆರೆಯುತ್ತದಾ ಎಂದೂ ಆಗಾಗ ನೋಡುತ್ತೇವೆ. ಪೆನ್ ಡ್ರೈವಿನ ಪಾಠ ಮರೆತಿಲ್ಲ. ಹಾಗೆಯೇ, ನಾಳೆ ಅಲ್ಲಿಯ ಯಂತ್ರದಿಂದಲೇ ಕೆಲಸ ಮಾಡಬೇಕಾಗಿ ಬಂದರೆ, ಮುಂದಿನ ರಸೀದಿ ನಂಬರ್ ಎಷ್ಟರಿಂದ ಎಂಬುದು ನಾವು ಹಾಕಿಕೊಂಡ ನಕಲಿನಲ್ಲಿ ತಾನಾಗಿ ಹೋಗಿರುವುದಿಲ್ಲ, ಕೈಯಿಂದ ಇಡಬೇಕು. ಇದನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇವೆ.

ಬಂಧುಗಳೇ, 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಕಂಪ್ಯೂಟರ್ ಇರಲಿಲ್ಲ. ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರಿಗೆ ತರಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕಾಲ ಇಷ್ಟು ಬದಲಾದರೂ ಒಂದು ಮಾತು ಬದಲಾಗಿಲ್ಲ. ಸಂಘ ನಿಂತಿರುವುದು, ನಾನು ಹಾಕಿದ್ದು ಅಲ್ಲಿ ಬರೆದಿದೆ ಎಂಬ ಸದಸ್ಯರ ನಂಬಿಕೆಯ ಮೇಲೆ.

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ಎರಡು ಯಂತ್ರ ಇದೆ ಎಂದು ಕಾರ್ಡು ಬರೆಸುವುದನ್ನು ಬಿಡಬೇಡಿ. ಲೆಕ್ಕದ ಮೂರನೇ ಮನೆ ನಿಮ್ಮದೇ. ಆವತ್ತು ಬಾಗಿಲಲ್ಲಿ ನಿಂತು ಕೇಳಿದ ತಾಯಿ ಈ ಸಭೆಯಲ್ಲೇ ಕೂತಿದ್ದಾರೆ. ಅಮ್ಮಾ, ಆವತ್ತು ಕೊಡದ ಉತ್ತರ ಈಗ ಕೊಡುತ್ತೇವೆ: ಇನ್ನು ಮೇಲೆ ಸಿಡಿಲು ಕಂಪ್ಯೂಟರಿಗೆ ಬಡಿಯಬಹುದು, ನೀವು ಹಾಕಿದ ಹಾಲಿಗೆ ಬಡಿಯದ ಹಾಗೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ.



ಜೈ ಸಹಕಾರ.